ಬಲಗೈಯ ಪಟ್ಟಿ

"ಮೇಡಂ, ಇಳಿದು ಬಂದುಬಿಡಿ. ನೀವು ಮೇಲಿರೋದು ನೋಡಿಯೇ ನನಗೆ ಇಲ್ಲಿ ತಲೆ ಸುತ್ತುತ್ತಿದೆ."

ಕಾನ್‌ಸ್ಟೇಬಲ್ ಕೆಳಗಿನಿಂದ ಕೂಗಿದ. ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಮನುಷ್ಯ. ಮನೆಯಲ್ಲಿ ಬಲ್ಬು ಬದಲಿಸಬೇಕೆಂದರೂ ಹೆಂಡತಿಯನ್ನು ಸ್ಟೂಲು ಹತ್ತಿಸಿ, ತಾನು ಸ್ಟೂಲು ಹಿಡಿದುಕೊಳ್ಳುವವನು.

ಇನ್ಸ್‌ಪೆಕ್ಟರಮ್ಮ ಹಗ್ಗದ ಏಣಿಯ ಕೊನೆಯ ಮೆಟ್ಟಿಲು ದಾಟಿ, ಹಲಗೆಯ ಮೇಲೆ ಮೊಣಕಾಲೂರಿ, ಪಕ್ಕದ ಉಕ್ಕಿನ ತಂತಿ ಹಿಡಿದು ಎದ್ದು ನಿಂತಳು. ಇಪ್ಪತ್ತೆರಡು ವರ್ಷಗಳಾಗಿದ್ದವು. ಪಾದಗಳಿಗೆ ಎಲ್ಲ ನೆನಪಿತ್ತು. ಮೊಣಕಾಲುಗಳು ಮಾತ್ರ ವಯಸ್ಸು ಹೇಳಿದವು.

ಎರಡು ಅಡಿ ಅಗಲದ ಹಲಗೆ. ಎದುರಿಗೆ ಕೊಕ್ಕೆಗೆ ಸಿಕ್ಕಿಸಿದ ಜೋಕಾಲಿಯ ಬಾರ್. ಕೆಳಗೆ ಹಳೆಯ ಗೋದಾಮಿನ ಉದ್ದಕ್ಕೂ ಹರಡಿದ ಬಲೆ, ಅದರ ಒಂದು ಮೂಲೆಯಲ್ಲಿ ಹರಿದ ಬಾಯಿ.

ನಾಲ್ಕು ದಿನಗಳ ಹಿಂದೆ, ಬೆಳಿಗ್ಗೆ ಹತ್ತೂವರೆಗೆ, ಗುಬ್ಬಿ ಇದೇ ಹಲಗೆಯಿಂದ ಹಾರಿದ್ದಳು. ಹತ್ತೊಂಬತ್ತರ ಹುಡುಗಿ, ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಎದುರಿನ ಜೋಕಾಲಿಯಲ್ಲಿ ತಲೆಕೆಳಗಾಗಿ ತೂಗುತ್ತಿದ್ದ, ಈ ಗೋದಾಮಿನಲ್ಲಿ ಸರ್ಕಸ್ ಜೋಕಾಲಿ ಕಲಿಸುವ ಮಾಸ್ತರ ಅಳಿಯ ಅವಳ ಎರಡೂ ಕೈ ಹಿಡಿದ. ಅವನ ಎಡಗೈಯ ಹಿಡಿತ ಕೂತಿತು. ಬಲಗೈ ಜಾರಿತು. ಒಂದು ತಿರುಗಣಿ ಕಿತ್ತ ಬಾಗಿಲಿನಂತೆ ಹುಡುಗಿ ಪಕ್ಕಕ್ಕೆ ಬೀಸಿ, ಬಲೆಯ ನಡುವೆ ಬೀಳುವ ಬದಲು ಅಂಚಿಗೆ ಬಿದ್ದು, ಕಂಬಕ್ಕೆ ತಲೆ ಬಡಿದುಕೊಂಡಳು. ಅಂದಿನಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ.

ಅಳಿಯನ ಬಲ ಮಣಿಕಟ್ಟಿಗೆ ಸುತ್ತಿದ್ದ ಬಟ್ಟೆಯ ಪಟ್ಟಿಗೆ, ಮಡಿಕೆ ಮಡಿಕೆಯಲ್ಲೂ ಮೇಣದಬತ್ತಿ ಉಜ್ಜಿದ್ದರೆಂದು ನಿನ್ನೆ ಸಂಜೆ ವರದಿ ಬಂದಿತ್ತು.

ಗಾಳಿಯಲ್ಲಿ ಬಂದವಳು ಹಿಡಿಯುವವನ ಮಣಿಕಟ್ಟು ಹಿಡಿಯಬೇಕು, ಅವನು ಅವಳದನ್ನು. ಆ ಪಟ್ಟಿ ಇರುವುದೇ ಬೆವರು ಹೀರಿ ಹಿಡಿತ ಕೊಡಲು. ಅದಕ್ಕೇ ಮೇಣ ಹಚ್ಚುವುದೆಂದರೆ ಬಾವಿಯ ಕಟ್ಟೆಗೆ ಎಣ್ಣೆ ಸುರಿದ ಹಾಗೆ.

"ಮೇಡಂ!"

"ಸ್ವಲ್ಪ ಸುಮ್ಮನಿರ್ರೀ. ನೋಡ್ತಾ ಇದೀನಿ."

ಅವಳು ನೋಡುತ್ತಿದ್ದುದು ಕೆಳಗಿನ ಬಲಮೂಲೆಯನ್ನು. ತಗಡಿನ ಅಡ್ಡಗೋಡೆಯ ಹಿಂದೆ ಒಂದು ಬೆಂಚು. ಅಲ್ಲೇ ಅಳಿಯ ಪ್ರತಿದಿನ ಕೂತು ಕೈಗೆ ಪಟ್ಟಿ ಕಟ್ಟಿಸಿಕೊಳ್ಳುವುದು. ನೆಲದ ಮೇಲೆ ಎಲ್ಲಿ ನಿಂತರೂ ಆ ಬೆಂಚು ಕಾಣದು. ಈ ಹಲಗೆಯಿಂದ ಮಾತ್ರ ಅಂಗೈ ನೋಡಿದಷ್ಟು ಸ್ಪಷ್ಟ.

"ಗಂಡ ಹೆಂಡತಿ ಇಬ್ಬರ ಹೇಳಿಕೆಯೂ ಒಂದೇ ಅಲ್ವಾ?" ಅವಳು ಮೇಲಿನಿಂದಲೇ ಕೇಳಿದಳು.

"ಒಂದೇ ಮೇಡಂ. ಪಟ್ಟಿ ಕಟ್ಟಿದ್ದು ಹತ್ತೂಕಾಲಿಗೆ. 'ನನ್ನ ಹೆಂಡತಿ ಎರಡೂ ಕೈ ಕಟ್ಟಿದಳು' ಅಂತ ಗಂಡ. 'ಎರಡೂ ನಾನೇ ಕಟ್ಟಿದೆ' ಅಂತ ಹೆಂಡತಿ."

"ಹೊಸದಾಗಿ ಕಲಿಯೋಕೆ ಬಂದ ಎಂಟು ಜನ ಏನಂದ್ರು?"

ಪುಟ ತಿರುವುವ ಸದ್ದು. "ಅಕ್ಕ, ಅಂದ್ರೆ ಮಾಸ್ತರ ಮಗಳು, ಹತ್ತು ಗಂಟೆಗೇ ಹಲಗೆ ಹತ್ತಿದ್ರು, ಗುಬ್ಬಿ ಬೀಳೋವರೆಗೂ ಇಳಿಯಲಿಲ್ಲ ಅಂತ. ಎಂಟೂ ಜನ ಅದೇ ಮಾತು."

ಹತ್ತು ಗಂಟೆಗೆ ಇಲ್ಲಿ ನಿಂತವಳು ಹತ್ತೂಕಾಲಿಗೆ ಅಲ್ಲಿ ಕೂತು ಪಟ್ಟಿ ಕಟ್ಟಿದ್ದು ಹೇಗೆ?

ಮಾಸ್ತರ ಮಗಳು ಸುಳ್ಳು ಹೇಳಿದ್ದಳು.

ಇನ್ಸ್‌ಪೆಕ್ಟರಮ್ಮನ ನಾಲಿಗೆಯಲ್ಲಿ ಸಿಹಿ ಏರಿತು. ಆ ಸಿಹಿಗೆ ಅವಳಿಗೇ ನಾಚಿಕೆಯಾಯಿತು. ಆದರೂ ಚಪ್ಪರಿಸಿದಳು.

ಕಾರಣವಿತ್ತು. ಏಳು ವರ್ಷ ಅವಳು ಈ ಗೋದಾಮಿನಲ್ಲಿ ಬೆವರು ಸುರಿಸಿದ್ದಳು. ಅಂಗೈ ಸುಲಿದು, ಉಪ್ಪುನೀರಲ್ಲಿ ಅದ್ದಿ, ಮರುದಿನ ಮತ್ತೆ ಬಾರ್ ಹಿಡಿದಿದ್ದಳು. ಗಾಳಿಯಲ್ಲಿ ಎರಡು ಲಾಗ ಹಾಕಿ ಮೂರನೆಯದಕ್ಕೆ ಕೈಹಾಕುವ ಹೊತ್ತಿಗೆ ಅವಳಿಗೂ ಹತ್ತೊಂಬತ್ತು. ಒಂದು ಬೆಳಿಗ್ಗೆ ಮಾಸ್ತರು ಅವಳ ಕೈಯಿಂದ ಬಾರ್ ತೆಗೆದುಕೊಂಡು, "ನಿನ್ನ ಭುಜ ಇದಕ್ಕಲ್ಲ ಮಗಾ" ಅಂದರು. ಆ ಬಾರನ್ನು ಪಕ್ಕದಲ್ಲಿ ನಿಂತಿದ್ದ ಮಗಳ ಕೈಗೆ ಕೊಟ್ಟರು. ಅವಳಿಗಿಂತ ಎರಡು ವರ್ಷ ಚಿಕ್ಕವಳು. ಹೆತ್ತ ಮಗಳು, ಇನ್ನೇನು.

ಮರುವಾರ ಬಿಟ್ಟಳು. ಪೊಲೀಸ್ ಪರೀಕ್ಷೆ ಬರೆದಳು. ಮದುವೆ, ವರ್ಗ, ಬಡ್ತಿ ಎಲ್ಲ ಆಯಿತು. ಆ ಬೆಳಗಿನ ಕೆಂಡ ಮಾತ್ರ ಬೂದಿ ಮುಚ್ಚಿಕೊಂಡು ಹಾಗೇ ಕೂತಿತ್ತು. ಈ ಕೇಸು ಬಂದು ಊದಿತು, ಅಷ್ಟೇ.

ಈ ಬೆಳಿಗ್ಗೆ ಬಾಗಿಲಲ್ಲೇ ಮಾಸ್ತರು ಸಿಕ್ಕಿದ್ದರು. ಅರವತ್ತೇಳು ವಯಸ್ಸು, ಎದೆ ಇನ್ನೂ ಹಲಗೆಯ ಹಾಗೆ. ಎಡಗೈ ಮಾತ್ರ ಹಳೆಯ ಪೆಟ್ಟಿನಿಂದ ಸತ್ತು ತೂಗುತ್ತಿತ್ತು. ಬಲಗೈಯಲ್ಲಿ ಫ್ಲಾಸ್ಕು.

"ಆಸ್ಪತ್ರೆಗೆ ಹೊರಟೆ ಮಗಾ. ಆ ಹುಡುಗಿ ಕಣ್ಣು ಬಿಟ್ಟಾಗ ಮೊದಲು ನನ್ನ ಮುಖ ಕಾಣಬೇಕು. ಗುರು ಅನ್ನಿಸಿಕೊಂಡ ಮೇಲೆ ಅಷ್ಟೂ ಮಾಡದಿದ್ದರೆ ಹೇಗೆ?"

ತನಗಾಗಿ ಈ ಮನುಷ್ಯ ಒಂದು ದಿನವಾದರೂ ಹೀಗೆ ಫ್ಲಾಸ್ಕು ಹಿಡಿದು ಹೊರಟಿದ್ದರೆ! ಪ್ರಜ್ಞೆಯಿಲ್ಲದೆ ಮಲಗಿದ ಹುಡುಗಿಯ ಮೇಲೂ ಒಂದು ಕ್ಷಣ ಹೊಟ್ಟೆ ಉರಿದಿತ್ತು. ಆಸ್ಪತ್ರೆಯಲ್ಲಿ ಕಾವಲಿದ್ದ ಪೊಲೀಸಿನವನಿಗೆ ತಾನೇ ಫೋನು ಮಾಡಿ ಹೇಳಿದ್ದಳು: "ಮಗಳನ್ನೂ ಅಳಿಯನನ್ನೂ ಬಾಗಿಲ ಹತ್ತಿರ ಸೇರಿಸಬೇಡ. ಮಾಸ್ತರನ್ನ ಮಾತ್ರ ಬಿಡು."

ಅಳಿಯ ಸ್ಟೇಷನ್ನಿನಲ್ಲಿ ಕೂತಿದ್ದ. ಉಳಿದದ್ದು ಮಗಳು.

ಇನ್ಸ್‌ಪೆಕ್ಟರಮ್ಮ ಏಣಿ ಇಳಿಯತೊಡಗಿದಳು.

*

ಮಾಸ್ತರ ಮಗಳು ಬಲೆಯ ಹರಿದ ಮೂಲೆಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು ಹೊಲಿಯುತ್ತಿದ್ದಳು. ಮೂವತ್ತೊಂಬತ್ತು ವಯಸ್ಸು, ತೋಳುಗಳಲ್ಲಿ ಹುರಿಗಟ್ಟಿದ ನರ. ಕೈ ದಾರದ ಮೇಲಿದ್ದರೂ ಕಣ್ಣು ಆ ಬದಿಯ ಕುಳ್ಳ ಜೋಕಾಲಿಯ ಮೇಲಿತ್ತು. ಅಲ್ಲಿ ಹೊಸದಾಗಿ ಸೇರಿದ ಒಬ್ಬ ಬ್ಯಾಂಕಿನ ಗುಮಾಸ್ತೆ ತೂಗುತ್ತಿದ್ದಳು.

"ಬಾರನ್ನ ಯಾಕೆ ಆ ಪರಿ ಹಿಸುಕ್ತೀರಿ? ಅದೇನು ಓಡಿಹೋಗುತ್ತಾ? ಬೆರಳು ಸಡಿಲ ಬಿಡಿ, ಭುಜ ಕಿವಿಯಿಂದ ಕೆಳಗೆ ತನ್ನಿ. ಕಾಲು ಮುಂದೆ ಹೋದಾಗ ಉಸಿರು ಬಿಡಿ. ಹಾಂ. ಈಗ ನಿಮಗೆ ಜೋಕಾಲಿ ಕೆಲಸ ಮಾಡ್ತಿದೆ. ಇಷ್ಟು ಹೊತ್ತು ನೀವು ಅದಕ್ಕೆ ಕೆಲಸ ಮಾಡ್ತಿದ್ರಿ."

ಚೆನ್ನಾಗಿ ಕಲಿಸುತ್ತಾಳೆ. ಇನ್ಸ್‌ಪೆಕ್ಟರಮ್ಮನಿಗೆ ಅದೂ ಹಿಡಿಸಲಿಲ್ಲ.

ಗುಮಾಸ್ತೆಯನ್ನು ಕಳಿಸಿ ಇಬ್ಬರೂ ಎದುರುಬದುರಾದರು. ಕಾನ್‌ಸ್ಟೇಬಲ್ ಫೈಲು ಹಿಡಿದು, ಬಲೆಯ ನೆರಳಿಗೂ ಹೆದರಿದವನಂತೆ ಎರಡು ಮಾರು ದೂರ ನಿಂತ.

"ಇದೇನು?" ಇನ್ಸ್‌ಪೆಕ್ಟರಮ್ಮ ಹೊಲಿಗೆ ಡಬ್ಬಿಯಿಂದ ಮೇಣದಬತ್ತಿಯ ಮೋಟು ಎತ್ತಿದಳು.

"ಮೇಣದಬತ್ತಿ. ದಾರಕ್ಕೆ ಮೇಣ ಹಾಯಿಸಿದರೆ ಗಂಟು ಬಿಗಿಯಾಗಿ ಕೂರುತ್ತೆ, ದಾರ ಹಿಂಜಲ್ಲ. ನಿಮಗೆ ಗೊತ್ತಿರೋದೇ ಅಲ್ವಾ ಮೇಡಂ? ನೀವೂ ಈ ಬಲೆ ಹೊಲಿದೋರೇ."

ಮೋಟಿನ ಒಂದು ಬದಿಯಲ್ಲಿ ದಾರ ಎಳೆದ ಸಣ್ಣ ಗೀರುಗಳು. ಇನ್ನೊಂದು ಬದಿ ಚಪ್ಪಟೆ, ನುಣುಪು. ಬಟ್ಟೆಯ ಮೇಲೆ ಉಜ್ಜಿದ ಹಾಗೆ.

"ಈ ಡಬ್ಬಿ ಯಾರ ಹತ್ತಿರ ಇರುತ್ತೆ?"

"ನನ್ನ ಹತ್ತಿರ."

"ನಿಮ್ಮ ಯಜಮಾನರ ಕೈ ಕಟ್ಟೋದು?"

"ನಾನು."

"ಅವತ್ತು?"

"ಅವತ್ತೂ ನಾನೇ. ಎಷ್ಟು ಸಲ ಹೇಳಲಿ?"

ಇನ್ಸ್‌ಪೆಕ್ಟರಮ್ಮ ಶರ್ಟಿನ ತೋಳು ಮಡಚಿ ತನ್ನ ಕೈ ಮುಂದೆ ಚಾಚಿದಳು. ಬೆಂಚಿನಿಂದ ತಂದಿದ್ದ ಹೊಸ ಪಟ್ಟಿಯ ಸುರುಳಿಯನ್ನು ಅವಳ ಮಡಿಲಿಗೆ ಹಾಕಿದಳು.

"ಕಟ್ಟಿ ತೋರಿಸಿ."

ಮಾಸ್ತರ ಮಗಳು ಅವಳ ಮುಖವನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಕಟ್ಟತೊಡಗಿದಳು. ಹೆಬ್ಬೆರಳ ಬುಡದಿಂದ ಹಿಡಿದು, ಒಂದರ ಮೇಲೊಂದು ಅರ್ಧರ್ಧ ಏರಿಸಿ, ಹೆಣೆದ ಜಡೆಯ ಹಾಗೆ. ಕೊನೆಗೆ ತುದಿಯನ್ನು ಒಳಸುತ್ತಿನ ಅಡಿಗೆ ತೂರಿಸಿ ಬೆರಳಲ್ಲಿ ಒತ್ತಿದಳು. ಗಂಟೇ ಇಲ್ಲ.

"ಗಂಟು ಹಾಕಲ್ವಾ?"

"ಗಂಟಾ? ಹಾರಿ ಬರೋಳ ಉಗುರು ಸಿಕ್ಕಿಕೊಂಡರೆ? ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ಗಂಟು ಹಾಕಿಲ್ಲ ನಾನು."

"ಸರಿ." ಇನ್ಸ್‌ಪೆಕ್ಟರಮ್ಮ ಫೈಲಿನಿಂದ ಎರಡು ಫೋಟೋ ತೆಗೆದು ಅವಳ ಮುಂದಿಟ್ಟಳು. ಅಪಘಾತವಾದ ಗಂಟೆಯೊಳಗೇ ಪಟ್ಟಿಗಳನ್ನು ಅಳಿಯನ ಕೈಯಿಂದ ಕತ್ತರಿಸಿ ತೆಗೆದಿದ್ದರು, ಕಟ್ಟಿದ ರೀತಿ ಕೆಡದ ಹಾಗೆ. "ಇದು ಎಡಗೈಯದು. ಇದರಲ್ಲಿ ಗಂಟಿದೆ. ಎರಡು ಕಿವಿ ಬಿಟ್ಟ, ರಿಬ್ಬನ್ ಗಂಟು. ಇದು ಬಲಗೈಯದು. ಅದರಲ್ಲೂ ಗಂಟಿದೆ."

ಮಾಸ್ತರ ಮಗಳ ಕಣ್ಣು ಬಲಗೈಯ ಫೋಟೋ ಕಡೆ ಹೋಗಲೇ ಇಲ್ಲ. ಆ ರಿಬ್ಬನ್ ಗಂಟಿನ ಮೇಲೆ ಕೂತುಬಿಟ್ಟಿತು. ತುಟಿ ಬಿಳಿಚಿತು.

"ಪಟ್ಟಿ ಕಟ್ಟಿದ್ದು ನೀನಲ್ಲ," ಇನ್ಸ್‌ಪೆಕ್ಟರಮ್ಮನಿಗೆ ಅರಿವಿಲ್ಲದೇ ಹಳೆಯ ಏಕವಚನ ಬಂದಿತ್ತು. "ನೀನು ಮೇಲೆ ಹಲಗೆಯ ಮೇಲಿದ್ದೆ. ಅಲ್ಲಿಂದ ಬೆಂಚು ಕಾಣುತ್ತೆ. ಹಾಗಾದ್ರೆ ಕಟ್ಟಿದ್ದು ನಾನೇ ಅಂತ ಯಾಕೆ ಹೇಳಿದೆ? ಮೇಣ ಉಜ್ಜಿದ ಪಟ್ಟಿ ಕಟ್ಟಿದೋಳು ಜೈಲಿಗೆ ಹೋಗ್ತಾಳೆ ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತು."

"ಮತ್ತೆ?"

"ಜೈಲಿಗೆ ಹಾಕಿ. ಕೊಲೆಗಡುಕಿ ಅಂತ ಬೇಕಾದರೂ ಬರ್ಕೊಳ್ಳಿ. ಅದೊಂದು ಮಾತು ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡಿ."

"ಯಾವ ಮಾತು?"

ಅವಳು ಸೂಜಿಯನ್ನು ಬಲೆಗೆ ಚುಚ್ಚಿದಳು. ದಾರ ಪಟ್ಟನೆ ತುಂಡಾಯಿತು.

"ಅವಳು ಕಟ್ಟಿದಳು ಅಕ್ಕ! ಸಾಕಾ? ನನ್ನ ಗಂಡನ ಕೈ ಅವಳು ಕಟ್ಟಿದಳು!"

ಇಪ್ಪತ್ತೆರಡು ವರ್ಷದ ಮೇಲೆ 'ಅಕ್ಕ' ಅಂದಿದ್ದಳು. ಇಬ್ಬರೂ ಅದನ್ನು ಗಮನಿಸಿದರು, ಇಬ್ಬರೂ ಗಮನಿಸದವರಂತೆ ಇದ್ದರು.

"ಹನ್ನೊಂದು ವರ್ಷ ನಾನು ಕಟ್ಟಿದೀನಿ. ಜ್ವರ ಬಂದು ಮಲಗಿದಾಗ ಅವರೇ ಹಾಸಿಗೆ ಹತ್ತಿರ ಬಂದು ಕೈ ಚಾಚೋರು. ಜಗಳ ಆಡಿ ಮಾತು ಬಿಟ್ಟಿದ್ದರೂ ಕೈ ಮಾತ್ರ ಕಟ್ತಿದ್ದೆ. ಸುತ್ತು ಮುಗಿಯೋ ಹೊತ್ತಿಗೆ ಜಗಳಾನೂ ಮುಗೀತಿತ್ತು. ಅವತ್ತು ಬೆಳಿಗ್ಗೆ ಅವರು ನಗ್ತಾ ಹೇಳ್ತಾರೆ, 'ಗುಬ್ಬೀನ ಹಿಡಿದರೆ ಭಾರವೇ ಗೊತ್ತಾಗಲ್ಲ ಕಣೇ' ಅಂತ. ಹಾಗಾದ್ರೆ ಇಷ್ಟು ವರ್ಷ ಹಿಡಿದಿದ್ದು ಏನು, ಅಕ್ಕಿ ಮೂಟೆನಾ? ಉರಿದುಹೋಯ್ತು ನಂಗೆ. 'ನಿನ್ನ ಕೈ ನೀನೇ ಕಟ್ಟಿಕೋ ಹೋಗು' ಅಂದು ಏಣಿ ಹತ್ತಿದೆ. ಕರೀತಾರೆ, ಕರೆದರೆ ಇಳೀತೀನಿ ಅಂದುಕೊಂಡಿದ್ದೆ."

"ಕರೀಲಿಲ್ಲ."

"ಕೆಳಗೆ ನೋಡ್ತೀನಿ, ಆ ಹುಡುಗಿ ನೆಲದ ಮೇಲೆ ಮಂಡಿಯೂರಿ ಕೂತಿದಾಳೆ, ಇವರು ಕೈ ಚಾಚಿದಾರೆ. ಎಡಗೈ. ಮಗು ಜಡೆಗೆ ಕಟ್ಟಿದ ಹಾಗೆ ಗಂಟು ಹಾಕಿ ಅದರ ಮೇಲೆ ಒಂದು ಏಟು ಬೇರೆ ಹೊಡೆದು ನಕ್ಕಳು. ಇವರೂ ನಕ್ಕರು." ಅವಳ ದನಿ ಸಣ್ಣಗಾಯಿತು. "ಅವರಿಬ್ಬರ ನಡುವೆ ಏನೂ ಇಲ್ಲ. ಅದು ನನಗೆ ಗೊತ್ತು. ಇದ್ದಿದ್ದರೆ ಇಷ್ಟು ನೋಯ್ತಿರಲಿಲ್ಲವೇನೋ. ಏನೂ ಇಲ್ಲದೇನೇ ಅಷ್ಟು ಸುಲಭವಾಗಿ ನನ್ನ ಜಾಗಕ್ಕೆ ಬಂದು ಕೂತಳು."

ಕಾನ್‌ಸ್ಟೇಬಲ್ ಗಂಟಲು ಸರಿ ಮಾಡಿಕೊಂಡು ಬೇರೆಲ್ಲೋ ನೋಡಿದ.

"ಅವಳು ಬಲಗೈಯನ್ನೂ ಕಟ್ಟಿದಳಾ?"

"ನೋಡಲಿಲ್ಲ."

"ನೋಡಲಿಲ್ಲ ಅಂದ್ರೆ?"

"ನೋಡೋಕಾಗಲಿಲ್ಲ ಅಕ್ಕ. ಗೋಡೆ ಕಡೆ ಮುಖ ತಿರುಗಿಸಿ ನಿಂತುಬಿಟ್ಟೆ. ಮತ್ತೆ ತಿರುಗಿದಾಗ ಎಲ್ಲ ಮುಗಿದಿತ್ತು. ಅವರು ಜೋಕಾಲಿ ಹತ್ತುತ್ತಿದ್ರು."

ಮೇಣದ ಕೈ ಅದೇ ಬಲಗೈ. ಅವಳ ಅಸೂಯೆ ಸರಿಯಾಗಿ ಆ ಒಂದು ನಿಮಿಷಕ್ಕೇ ಅವಳ ಕಣ್ಣು ಕಟ್ಟಿತ್ತು.

*

"ಮೇಡಂ," ಕಾನ್‌ಸ್ಟೇಬಲ್ ಮೆಲ್ಲಗೆ ಅಂದ. "ಎರಡನೇ ಹಾಳೆ ನೋಡಿದ್ರಾ?"

"ಯಾವ ಎರಡನೇ ಹಾಳೆ?"

"ವರದೀದು. ನಿನ್ನೆ ನೀವು ಮೊದಲನೇದು ಓದಿ, ಫೈಲು ಮುಚ್ಚಿ, 'ಸಿಕ್ಕಳು' ಅಂದ್ರಿ. ಎರಡನೇದು ಹಿಂದೆ ಅಂಟಿಕೊಂಡಿತ್ತು."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಇನ್ಸ್‌ಪೆಕ್ಟರಮ್ಮನ ಕಿವಿ ಬಿಸಿಯಾಯಿತು. ಹಾಳೆ ಕಸಿದುಕೊಂಡು ಓದಿದಳು.

ಬಲಗೈಯ ಪಟ್ಟಿ: ತುದಿಯಲ್ಲಿ ಹಲ್ಲಿನ ಗುರುತು. ಮೇಲಿನ ಮುಂಹಲ್ಲು ನಾಲ್ಕು, ಕೆಳಗಿನವು ಮೂರು. ಬಾಯಲ್ಲಿ ಕಚ್ಚಿ ಎಳೆದು ಗಂಟು ಬಿಗಿದಂತಿದೆ.

ಎಡಗೈಯ ಪಟ್ಟಿಯಲ್ಲಿ ಅಂಥ ಗುರುತಿಲ್ಲ.

"ಎರಡು ಕೈ ಇದ್ದೋರು ಹಲ್ಲಲ್ಲಿ ಯಾಕೆ ಕಚ್ಚಿ ಕಟ್ತಾರೆ?" ಅವಳು ತನಗೇ ಎಂಬಂತೆ ಅಂದಳು. "ಒಂದೇ ಕೈ ಬಿಡುವಿದ್ದರೆ ಕಚ್ಚಬೇಕು. ತನ್ನ ಬಲಗೈ ತಾನೇ ಕಟ್ಟಿಕೊಂಡರೆ. ಎಡಗೈ ಕಟ್ಟಿಸಿಕೊಂಡು, ಹುಡುಗೀನ ಕಳಿಸಿ, ಬಲಗೈ ತಾನೇ ಕಟ್ಟಿಕೊಂಡಿದಾನೆ. ಮೇಣ ಹಚ್ಚಿದ್ದು ನಿನ್ನ ಗಂಡ."

ಮಾಸ್ತರ ಮಗಳು ನಕ್ಕಳು. ಅಳುವಿಗೆ ಹತ್ತಿರದ ನಗು.

"ಅವರ ಮೇಲಿನ ನಾಲ್ಕು ಹಲ್ಲು ಕಟ್ಟಿಸಿದ್ದು ಅಕ್ಕ. ಮೂರು ವರ್ಷದ ಹಿಂದೆ ಒಬ್ಬ ಶಿಷ್ಯನ ಹಿಮ್ಮಡಿ ಬಾಯಿಗೆ ಬಡೀತು. ತಲೆಕೆಳಗೆ ನೇತಾಡುವಾಗ ಗಂಟಲಿಗೆ ಬಿದ್ದುಬಿಟ್ಟರೆ ಅಂತ, ಕೆಲಸಕ್ಕೆ ಬಂದ ಕೂಡಲೇ ತೆಗೆದು ಡಬ್ಬಿಗೆ ಹಾಕ್ತಾರೆ. ಡಬ್ಬಿ ನನ್ನ ಚೀಲದಲ್ಲಿ ಇರುತ್ತೆ. ಅವತ್ತೂ ಇತ್ತು. ಆ ಬಾಯಲ್ಲಿ ಅವರು ಬಾಳೆಹಣ್ಣು ಕಚ್ಚಿದರೆ ಹೆಚ್ಚು."

ಕಾನ್‌ಸ್ಟೇಬಲ್ ತನ್ನ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡ.

"ಹಾಗಾದ್ರೆ ಗುಬ್ಬಿ?"

"ಅವಳಿಗೆ ಎರಡು ಕೈ ಇದೆಯಲ್ಲ? ಎಡಗೈಗೆ ಕೈಯಲ್ಲೇ ಗಂಟು ಹಾಕಿದೋಳು ಬಲಗೈಗೆ ಯಾಕೆ ಕಚ್ತಾಳೆ? ತಾನು ಹಾರಿ ಹಿಡಿಯಬೇಕಾದ ಪಟ್ಟಿಗೆ ತಾನೇ ಮೇಣ ಹಚ್ತಾಳಾ?"



ಒಂದೇ ಕೈ ಆಡುವವರು. ಬಾಯಿ ತುಂಬ ಗಟ್ಟಿ ಹಲ್ಲಿರುವವರು. ಇನ್ಸ್‌ಪೆಕ್ಟರಮ್ಮನ ಮಣಿಕಟ್ಟಿಗೆ, ಈಗ ಕಟ್ಟಿದ ಪಟ್ಟಿಯ ಅಡಿಯಲ್ಲಿ, ಹಳೆಯದೊಂದು ಬಿಸಿಯುಸಿರು ತಾಗಿದಂತಾಯಿತು. ಹದಿಮೂರರ ಹುಡುಗಿಯ ಕೈ. ಬಾಗಿದ ಒಂದು ತಲೆ. ಬಲಗೈಯಿಂದ ಸುತ್ತಿ, ತುದಿಯನ್ನು ಹಲ್ಲಲ್ಲಿ ಕಚ್ಚಿ, ಗಕ್ಕನೆ ಎಳೆದು, "ಆಯ್ತು ಮಗಾ, ಹಾರು" ಎನ್ನುವ ದನಿ.



"ನೀನು ಗೋಡೆ ಕಡೆ ತಿರುಗೋ ಮುಂಚೆ," ಅವಳು ನಿಧಾನವಾಗಿ ಕೇಳಿದಳು, "ಬೆಂಚಿನ ಹತ್ತಿರ ಇನ್ಯಾರಾದರೂ ಇದ್ದರಾ?"

"ಇಲ್ಲ. ಅಪ್ಪ ಮಾತ್ರ. ಅಂಗೈಗೆ ಹಚ್ಚೋ ಚಾಕ್ ಪುಡಿ ಡಬ್ಬಿ ಹಿಡ್ಕೊಂಡು ಆ ಕಡೆ..."

ಅವಳು ಮಾತು ನುಂಗಿದಳು.

"ಸ್ಟೇಷನ್ನಿಗೆ ಫೋನು ಮಾಡ್ರೀ," ಇನ್ಸ್‌ಪೆಕ್ಟರಮ್ಮ ಕಾನ್‌ಸ್ಟೇಬಲ್‌ಗೆ ಹೇಳಿದಳು. "ಅಳಿಯನ್ನ ಕೇಳಿ. ಎಲ್ಲ ಗೊತ್ತಾಗಿದೆ ಅನ್ನಿ. ಬಲಗೈ ಕಟ್ಟಿದ್ದು ಯಾರು ಅಂತ ಅಷ್ಟೇ ಕೇಳಿ."

ಕಾನ್‌ಸ್ಟೇಬಲ್ ಫೋನಿನಲ್ಲಿ ಕೇಳಿದ, ಹೂಂಗುಟ್ಟಿದ, ಕೆಳಗಿಟ್ಟ.

"ಮಾವ ಅಂತೆ ಮೇಡಂ. 'ಗುಬ್ಬಿ ಕಟ್ಟಿದ್ದು ಗೊತ್ತಾದರೆ ಇವಳು ಎದೆ ಬಡ್ಕೊಳ್ತಾಳೆ ಅಂತ ಹೇಳಲಿಲ್ಲ. ಬಲಗೈ ಮಾವ ಕಟ್ಟಿದರು. ಅದರಲ್ಲೇನು, ಅವರು ಎಲ್ಲರಿಗೂ ಕಟ್ತಾರೆ' ಅಂದ."

"ಅಪ್ಪ ಅಂಥೋರಲ್ಲ," ಮಾಸ್ತರ ಮಗಳು ಥಟ್ಟನೆ ಅಂದಳು. "ಅಪ್ಪ ಯಾಕೆ ಮಾಡ್ತಾರೆ? ಅವಳು ಅಪ್ಪನ ಕಣ್ಣಿನ ಗೊಂಬೆ. ಬೆಲ್ಟು ಬೇಡ, ಇವತ್ತು ಬಿಡುಬೀಸಾಗಿ ಹಾರಲಿ ಅಂತ ಅಪ್ಪನೇ..."

ಮತ್ತೆ ನಿಂತಳು. ಕಲಿಯುವವರ ಸೊಂಟಕ್ಕೆ ಹಗ್ಗದ ಬೆಲ್ಟು ಕಟ್ಟಿ, ಆ ಹಗ್ಗವನ್ನು ಕೆಳಗಿನಿಂದ ಹಿಡಿದಿರುವುದು ಗುರುವಿನ ಕೆಲಸ. ಬೀಳುವವರನ್ನು ಅದೇ ಉಳಿಸುವುದು. ಅಂದು ಅದನ್ನು ಬಿಚ್ಚಿಸಿದ್ದು ಮಾಸ್ತರೇ.

"ಅವತ್ತು ಅವಳು ಏನು ಹಾಕಬೇಕಾಗಿತ್ತು?"

"ಮೂರು ಲಾಗ."

ಇಬ್ಬರ ಕಣ್ಣೂ ಒಟ್ಟಿಗೆ ಎದುರು ಗೋಡೆಗೆ ಹೋದವು. ಅಲ್ಲಿ ಆಳೆತ್ತರದ ಕಪ್ಪುಬಿಳುಪು ಚಿತ್ರ. ಇಪ್ಪತ್ತೈದರ ಮಾಸ್ತರು, ಗಾಳಿಯಲ್ಲಿ ಮುದುಡಿದ ಮೈ. ಈ ಛಾವಣಿಯ ಕೆಳಗೆ ಬೆಲ್ಟಿಲ್ಲದೆ ಮೂರು ಲಾಗ ಹಾಕಿ ಹಿಡಿಯುವವನ ಕೈ ಸೇರಿದವರು ಅವರೊಬ್ಬರೇ. ಎಷ್ಟೋ ಶಿಷ್ಯರು ಬಂದುಹೋದರೂ ಆ ಚಿತ್ರದ ಪಕ್ಕ ಇನ್ನೊಂದು ಏರಿರಲಿಲ್ಲ.

"ನನ್ನ ಕೈಯಿಂದ ಬಾರ್ ಕಿತ್ತು ನಿನಗೆ ಕೊಟ್ಟರಲ್ಲ," ಇನ್ಸ್‌ಪೆಕ್ಟರಮ್ಮನಿಗೆ ಕೇಳದೆ ಇರಲಾಗಲಿಲ್ಲ, "ಆಮೇಲೆ ನೀನು ಯಾಕೆ ಹಾಕಲಿಲ್ಲ ಮೂರು ಲಾಗ?"

ಮಾಸ್ತರ ಮಗಳು ಬೆರಗಾಗಿ ನೋಡಿದಳು.

"ನಿನಗೆ ಗೊತ್ತಿಲ್ವಾ? ನನ್ನ ಕೈಯಿಂದಲೂ ಕಿತ್ತುಕೊಂಡರು. ಅದಾದ ಮರುವರ್ಷ. ಬೆಲ್ಟು ಹಾಕ್ಕೊಂಡು ಎರಡು ಸಲ ಹಾಕಿದ್ದೆ ಅಕ್ಕ, ಎರಡು ಸಲವೂ ಕೈ ಸೇರ್ತು. ಕೆಳಗಿಳಿದು ಅಪ್ಪನ ಮುಖ ನೋಡಿದೆ. ಖುಷಿಪಡ್ತಾರೆ ಅಂತ ಓಡಿಬಂದಿದ್ದೆ. ಸತ್ತೋರ ಮನೆಗೆ ಬಂದ ಹಾಗೆ ನಿಂತಿದ್ದರು. ಮರುದಿನ, 'ನಿನ್ನ ಸೊಂಟ ಇದಕ್ಕಲ್ಲ. ಮಕ್ಕಳಿಗೆ ಕಲಿಸು, ನಿನಗೆ ಅದೇ ಸರಿ' ಅಂದರು." ಅವಳು ಹರಿದ ಬಲೆಯನ್ನು ಮುಷ್ಟಿಯಲ್ಲಿ ಹಿಡಿದಳು. "ನಿನಗಿಂತ ನಾನು ಕೆಟ್ಟದಾಗಿ ಹಾರ್ತಿದ್ದೆ, ಅದಕ್ಕೇ ಹಾಗಂದರು ಅಂದುಕೊಂಡೆ. ಇಷ್ಟು ವರ್ಷ ನಿನ್ನ ಮೇಲೆ ಹೊಟ್ಟೆ ಉರ್ಕೊಂಡೇ ಬದುಕಿದೀನಿ."

ಇನ್ಸ್‌ಪೆಕ್ಟರಮ್ಮನಿಗೆ ನಿಂತ ನೆಲ ಬಲೆಯಾದಂತೆ ಅನ್ನಿಸಿತು. ಇಪ್ಪತ್ತೆರಡು ವರ್ಷ ಇವಳು ಅವಳನ್ನು, ಅವಳು ಇವಳನ್ನು ಶಪಿಸಿದ್ದರು. ಇಬ್ಬರ ನಡುವೆ ಬಾರ್ ಹಿಡಿದು ನಿಂತಿದ್ದ ಕೈಯನ್ನು ಮಾತ್ರ ಇಬ್ಬರೂ ನೋಡಿರಲಿಲ್ಲ.

"ಗುಬ್ಬಿ ಹಾಕ್ತಿದ್ದಳಾ?"

"ಹಾಕ್ತಿದ್ದಳು," ಮಾಸ್ತರ ಮಗಳು ನೆಲ ನೋಡುತ್ತ ಅಂದಳು. "ಅಪ್ಪನಿಗಿಂತ ಚೆನ್ನಾಗಿ. ಭುಜ ಇದಕ್ಕಲ್ಲ, ಸೊಂಟ ಇದಕ್ಕಲ್ಲ ಅನ್ನೋಕೆ ಅವಳಲ್ಲಿ ಒಂದು ಕುಂದೂ ಸಿಗಲಿಲ್ಲ. ಹೇಳಿ ನಿಲ್ಲಿಸೋಕೆ ಆಗದೋಳು ಅವಳೊಬ್ಬಳೇ."



ಇನ್ಸ್‌ಪೆಕ್ಟರಮ್ಮನಿಗೆ ಬೆಳಿಗ್ಗೆ ತಾನೇ ಕೊಟ್ಟ ಅಪ್ಪಣೆ ನೆನಪಾಯಿತು. *ಮಾಸ್ತರನ್ನ ಮಾತ್ರ ಬಿಡು.*

ಕಾವಲಿನವನ ಫೋನು ಬಡಿದು ಬಡಿದು ನಿಂತಿತು. ಎರಡನೆಯ ಸಲಕ್ಕೂ ಎತ್ತಲಿಲ್ಲ. ನೇರವಾಗಿ ವಾರ್ಡಿಗೇ ಮಾಡಿದಳು. ನರ್ಸಿನ ದನಿ ಹಿಗ್ಗಿನಿಂದ ಉಬ್ಬಿತ್ತು.

"ಅಯ್ಯೋ ಮೇಡಂ, ನಿಮಗೇ ಫೋನು ಮಾಡಬೇಕು ಅಂತಿದ್ದೆ! ಹುಡುಗಿಗೆ ಎಚ್ಚರ ಆಯ್ತು. ಮಾತೂ ಆಡಿದಳು."

"ಏನಂದಳು?"

"'ಮಾಸ್ತರನ್ನ ಕರೀರಿ' ಅಂದಳು. ಕಣ್ಣು ಬಿಟ್ಟು ಮೊದಲ ಮಾತೇ ಅದು. ಪಾಪ, ಆ ಅಜ್ಜ ಹೊರಗೆ ಬೆಂಚಿನ ಮೇಲೇ ಕೂತಿದ್ದರಲ್ಲ, ಕಳಿಸಿದೆ. ಡಾಕ್ಟರನ್ನ ಕರ್ಕೊಂಡು ಬನ್ನಿ ಅಂತ ನಿಮ್ಮ ಪೊಲೀಸಿನವರನ್ನ ಅವರೇ ಓಡಿಸಿದರು."

"ಈಗ ಒಳಗೆ ಯಾರಿದಾರೆ?"

"ಅವರಿಬ್ಬರೇ."

"ಈಗಲೇ ಹೋಗಿ ಬಾಗಿಲು ತೆಗೀರಿ. ಫೋನು ಇಡಬೇಡಿ. ಓಡಿ!"

ಚಪ್ಪಲಿಯ ಸದ್ದು. ಏದುಸಿರು. ಬಾಗಿಲು ತಟ್ಟಿದ ಸದ್ದು, ಮತ್ತೆ ತಟ್ಟಿದ್ದು. ಮಾಸ್ತರ ಮಗಳು ಎದ್ದು ಬಂದು ಇನ್ಸ್‌ಪೆಕ್ಟರಮ್ಮನ ತೋಳು ಹಿಡಿದಿದ್ದಳು. ಉಗುರು ಚರ್ಮಕ್ಕೆ ಇಳಿಯುತ್ತಿತ್ತು.

"ಒಳಗಿಂದ ಚಿಲಕ ಹಾಕಿದಾರೆ ಮೇಡಂ," ನರ್ಸಿನ ದನಿಯಲ್ಲಿ ಈಗ ಹಿಗ್ಗಿರಲಿಲ್ಲ. "ಆದ್ರೆ ಏನೂ ಹೆದರಿಕೆ ಇಲ್ಲ ಅನ್ಸುತ್ತೆ. ಅವರೇನೋ ಹೇಳ್ತಿದಾರೆ, ಹುಡುಗಿ ನಗ್ತಾ ಇದಾಳೆ. ಕೇಳ್ತಿದೆಯಾ?"

ಕೇಳುತ್ತಿತ್ತು. ಫೋನಿನ ಆಚೆ, ಬಾಗಿಲಿನ ಆಚೆ, ನೀರಿನೊಳಗಿಂದ ಬಂದಂತೆ ಒಂದು ತೆಳ್ಳನೆಯ ನಗು. ಮೆಚ್ಚಿಸಿಕೊಂಡ ಶಿಷ್ಯೆಯ ನಗು. ಆ ಭಯದ ನಡುವೆಯೂ ಇನ್ಸ್‌ಪೆಕ್ಟರಮ್ಮನ ಎದೆಯಲ್ಲಿ ಸಣ್ಣದೊಂದು ಮುಳ್ಳು ಮುರಿಯಿತು. ಅವಳಿಗೆ ಏನು ಹೇಳುತ್ತಿದ್ದಾರೆ? ನನಗೆ ಒಂದು ದಿನವೂ ಹೇಳದ ಯಾವ ಮಾತು?

"ಬಾಗಿಲು ಒಡೀರಿ!" ಅವಳು ಕಿರುಚಿದಳು.

"ಯಾರನ್ನಾದ್ರೂ ಕರೀತೀನಿ ಮೇಡಂ, ಒಂದು ನಿಮಿಷ..."

ನರ್ಸು ತಡೆದಳು. ಮುಂದಿನ ಮಾತು ಪಿಸುದನಿಯಲ್ಲಿ ಬಂತು.

"ಮೇಡಂ... ನಗು ನಿಂತುಹೋಯ್ತು."